ಅನ್ಯರ ಮಾತು, ತನ್ನ ಮಾತು

ಚಿಕ್ಕಬಳ್ಳಾಪುರದ ಸೀಮೆಯವರು ಕಳವಾರದ ಬೆಟ್ಟವೆಂದು ಕರೆಯುವ ಸ್ಕಂದಗಿರಿಯ ನೆತ್ತಿಯಲ್ಲಿ ನಿಂತರೆ ನಂದಿಬೆಟ್ಟ ಕಾಣುತ್ತದೆ. 1936ರ ಮೇ ತಿಂಗಳಲ್ಲಿ ಗಾಂಧೀಜಿ ವಿಶ್ರಾಂತಿಗೆಂದು ಆ ನಂದಿಯಲ್ಲಿ ತಂಗಿದ್ದರು. ಅದೇ ವರ್ಷ ಅವರು ಬೆಂಗಳೂರಿನ ಬಸವನಗುಡಿಯ ನ್ಯಾಷನಲ್ ಹೈಸ್ಕೂಲಿಗೆ ಭೇಟಿಯಿತ್ತಾಗ, ಅವರ ಹಿಂದಿ ಭಾಷಣವನ್ನು ಕನ್ನಡಿಸಲು ಎದ್ದು ನಿಂತವನು ಅಲ್ಲಿನ ಒಬ್ಬ ವಿದ್ಯಾರ್ಥಿ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನವನು. ಓದುವ ಹಂಬಲದಿಂದ ಹಿಂದಿನ ವರ್ಷವಷ್ಟೇ ಎಂಬತ್ತು ಕಿಲೋಮೀಟರಿಗೂ ಮಿಕ್ಕ ದಾರಿಯನ್ನು ಕಾಲ್ನಡಿಗೆಯಲ್ಲಿ ಸವೆಸಿ ಬಂದಿದ್ದವನು. ಮುಂದೆ ಭೌತವಿಜ್ಞಾನಿಯೂ ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಯೂ ಆದ ಡಾ. ಎಚ್. ನರಸಿಂಹಯ್ಯನವರೇ ಆ ಹುಡುಗ.

ಮಕ್ಕಳಿಗೆ ಅಭಿಪ್ರಾಯ ಬರೆಯುವುದನ್ನು ಕಲಿಸುವ ಬಗೆ ಹೇಗೆಂಬ ಪ್ರಶ್ನೆ ಬಂದಾಗಲೆಲ್ಲ ನನಗೆ ಈ ಚಿತ್ರ ನೆನಪಾಗುತ್ತದೆ. ಭಾಷಾಂತರಿಸಲು ನಿಂತವನು ತನ್ನ ಮಾತನ್ನು ತಡೆಹಿಡಿಯಬೇಕು. ಇನ್ನೊಬ್ಬರ ಮಾತನ್ನು ಕೂಡಿಸದೆ, ಕಳೆಯದೆ ದಾಟಿಸಬೇಕು. ಸ್ವಂತ ಅಭಿಪ್ರಾಯಕ್ಕೆ ಇದಕ್ಕಿಂತ ಒಳ್ಳೆಯ ಪೂರ್ವಸಿದ್ಧತೆಯನ್ನು ನಾನು ಕಾಣೆ. ನಮ್ಮ ಶಾಲೆಗಳ ಪ್ರಬಂಧವಾದರೋ ಬಹುಕಾಲ ಬೇರೆ ಹಾದಿ ಹಿಡಿಯಿತು. ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಎಂಬ ಮೂರು ಕಂಬಗಳ ಚಪ್ಪರ. ಅದರ ಕೆಳಗೆ ಯಾರೂ ವಾಸವಿಲ್ಲ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಎಂಬ ಈ ಗಡಿಸೀಮೆಯಲ್ಲಿ ಕಷ್ಟ ಇಮ್ಮಡಿ. ಜಗಲಿಯಲ್ಲಿ ತಾತನೊಡನೆ ಖಾರವಾಗಿ ವಾದಿಸುವ ಮಗು, ಲೇಖನಿ ಹಿಡಿದೊಡನೆ ಪಠ್ಯಪುಸ್ತಕದ ವಾಕ್ಯಗಳ ಮರೆಗೆ ಸರಿಯುತ್ತದೆ.

ನರಸಿಂಹಯ್ಯನವರ ಬದುಕಿನ ಇನ್ನೊಂದು ಘಟನೆ 1976ರದು. ಕುಲಪತಿಗಳಾಗಿದ್ದ ಅವರು ಪವಾಡಗಳನ್ನೂ ಮೂಢನಂಬಿಕೆಗಳನ್ನೂ ವೈಜ್ಞಾನಿಕವಾಗಿ ಪರಿಶೀಲಿಸಲು ಒಂದು ಸಮಿತಿಯನ್ನು ರಚಿಸಿದರು. ಪುಟ್ಟಪರ್ತಿಯ ಸತ್ಯಸಾಯಿಬಾಬಾ ಅವರಿಗೆ ಮೂರು ಪತ್ರಗಳನ್ನು ಬರೆದು, ನಿಯಂತ್ರಿತ ಸನ್ನಿವೇಶದಲ್ಲಿ ತಮ್ಮ ಪವಾಡಗಳನ್ನು ತೋರಿಸಬೇಕೆಂದು ಕೇಳಿದರು. ಪತ್ರಗಳು ನಾಡಿನಲ್ಲೆಲ್ಲ ಪ್ರಚಾರ ಪಡೆದವು. ಉತ್ತರ ಮಾತ್ರ ಬರಲಿಲ್ಲ. ಅವರು ಅನುಸರಿಸಿದ ರೀತಿಯೇ ಸರಿಯಲ್ಲ, ವಿಜ್ಞಾನದ ವಿಚಾರಣೆ ಇಂದ್ರಿಯಗಳಿಗೆ ಎಟಕುವುದಕ್ಕಷ್ಟೇ ಸಲ್ಲುತ್ತದೆ, ಅಧ್ಯಾತ್ಮ ಅದರಾಚೆಯದು ಎಂಬುದು ಬಾಬಾ ಅವರ ನಿಲುವಾಗಿತ್ತು.

ಪುಟ್ಟಪರ್ತಿ ನಮ್ಮ ಸೀಮೆಗೆ ದೂರದ ಊರಲ್ಲ. ಎಷ್ಟೋ ಮನೆಗಳ ಗೋಡೆಯ ಮೇಲೆ ಆ ಪಟವಿದೆ. ಈ ವಿವಾದವನ್ನು ಒಮ್ಮೆ ನನ್ನ ತರಗತಿಯ ಮಕ್ಕಳ ಮುಂದಿಟ್ಟು ಬರೆಯಲು ಹೇಳಿದೆ. ನನ್ನ ಒಲವು ಪ್ರಶ್ನೆ ಕೇಳಿದವರ ಕಡೆಗೆ. ಅದು ಮಕ್ಕಳಿಗೂ ಗೊತ್ತಿತ್ತೆಂದು ತೋರುತ್ತದೆ. ಹೆಚ್ಚಿನವರು ನನಗೆ ಹಿತವಾಗುವುದನ್ನೇ ಬರೆದರು. ಒಬ್ಬ ಹುಡುಗಿ ಮಾತ್ರ, ಪರೀಕ್ಷೆಗೆ ಒಡ್ಡಿದ ಮೇಲೆ ಅದು ನಂಬಿಕೆಯಾಗಿ ಉಳಿಯುವುದೆಂತು, ತನ್ನ ಅಜ್ಜಿಗೆ ಬೇಕಾದದ್ದು ಪುರಾವೆಯಲ್ಲ, ಧೈರ್ಯ ಎಂದು ಬರೆದಿದ್ದಳು. ನರಸಿಂಹಯ್ಯನವರ ವಾದವನ್ನೂ ಅವಳು ಚ್ಯುತಿಯಿಲ್ಲದೆ ಹೇಳಿದ್ದಳು. ನನ್ನ ಕಡೆಯವರೆಂದು ನಾನು ಬಗೆದವರಾರೂ ಇದಿರು ಪಕ್ಷವನ್ನು ಅಷ್ಟು ನ್ಯಾಯವಾಗಿ ಹೇಳಿರಲಿಲ್ಲ. ನಾನು ಅವಳಿಗೆ ಕೊಟ್ಟದ್ದು ಹತ್ತಕ್ಕೆ ನಾಲ್ಕು.

ಆಮೇಲೆ ಕ್ರಮ ಬದಲಿಸಿದೆ. ಮೊದಲ ದಿನ ಇದಿರು ಪಕ್ಷದ ಮಾತನ್ನಷ್ಟೇ ಬರೆಯಬೇಕು, ಆ ಪಕ್ಷದವರು ಓದಿ ಹೌದೆನ್ನುವಂತೆ. ಎರಡನೆಯ ದಿನ ತನ್ನದು. ವಿಷಯ ದೊಡ್ಡದಾಗಬೇಕಿಲ್ಲ, ಸೂರ್ಯೋದಯ ನೋಡಲು ಪಟ್ಟಣದಿಂದ ಬರುವವರನ್ನು ಸ್ಕಂದಗಿರಿಗೆ ಕತ್ತಲಲ್ಲೇ ಹತ್ತಗೊಡಬೇಕೆ ಎಂಬುದೂ ಸಾಕು. ಬೆಟ್ಟದ ಬುಡದಲ್ಲಿ ಚಹಾ ಮಾರುವವರ ಮಗ ಒಂದು ಹೇಳುತ್ತಾನೆ, ದನ ಮೇಯಿಸುವವರ ಮಗ ಇನ್ನೊಂದು. ಇಬ್ಬರೂ ಮೊದಲ ದಿನ ಮಗದೊಬ್ಬನ ಮನೆಯ ಮಾತನ್ನು ಬರೆಯಲು ಒದ್ದಾಡುತ್ತಾರೆ, ತೆಲುಗಿನಲ್ಲಿ ಗೊಣಗುತ್ತಾರೆ, ಹೊಡೆದು ಹಾಕಿ ಮತ್ತೆ ಬರೆಯುತ್ತಾರೆ.

ಆ ಹುಡುಗಿಯ ನೋಟುಬುಕ್ಕು ಅಂದೇ ಅವಳ ಕೈಗೆ ಮರಳಿತು. ಅದರಲ್ಲಿ ಕೆಂಪು ಮಸಿಯ ನಾಲ್ಕು ಹಾಗೆಯೇ ಇದ್ದೀತು.