ಫಲಕದ ಮೇಲಿನ ಒಂದು ಸೊನ್ನೆ

ನಮ್ಮ ಪೇಟೆಗೆ ಕನ್ನಡಿಗರು ಬೋವಿಕಾನ ಎನ್ನುತ್ತಾರೆ, ಮಲಯಾಳ ಮಾತನಾಡುವ ನೆರೆಯವರು ಬೋವಿಕ್ಕಾನಂ ಎನ್ನುತ್ತಾರೆ. ಬರೆದಾಗ ಕೊನೆಯಲ್ಲಿ ಎದ್ದು ಕಾಣುವುದು ಒಂದು ಸೊನ್ನೆ.

ಈ ಸೊನ್ನೆಗೆ ಅರ್ಥವಿದೆಯೇ? ಸ್ವಿಟ್ಜರ್ಲೆಂಡಿನ ಭಾಷಾವಿಜ್ಞಾನಿ ಸೊಸ್ಯೂರನ ಪಾಠಗಳು ಅವನ ಮರಣಾನಂತರ 1916ರಲ್ಲಿ ಗ್ರಂಥವಾಗಿ ಬಂದುವು. ಶಬ್ದಕ್ಕೂ ಅದರ ಅರ್ಥಕ್ಕೂ ಸಹಜವಾದ ನಂಟಿಲ್ಲ, ಸಮುದಾಯದ ರೂಢಿಯೇ ಅವೆರಡನ್ನು ಕಟ್ಟಿಹಾಕುತ್ತದೆ ಎಂಬುದು ಅವನ ಮಾತಿನ ಸಾರ. ಮರ ಎಂದರೂ ಮರಂ ಎಂದರೂ ನೆರಳು ಒಂದೇ. ಹಳಗನ್ನಡದಲ್ಲಿ ನಾವೂ ‘ಮರಂ’ ಎಂದೇ ಬರೆಯುತ್ತಿದ್ದೆವಲ್ಲ! ಆದುದರಿಂದ ನೆರೆಯವರ ನಾಲಗೆಯ ಸೊನ್ನೆ ನಮಗೆ ಅಪಚಾರವಲ್ಲ.

ಆದರೆ ಫಲಕದ ಮಾತು ಬೇರೆ. ಅಮೆರಿಕದ ಚಾರ್ಲ್ಸ್ ಪರ್ಸ್ (1839–1914) ಚಿಹ್ನೆಗಳನ್ನು ಮೂರು ಬಗೆಯಾಗಿ ವಿಂಗಡಿಸಿದನು: ಹೋಲಿಕೆಯಿಂದ ತಿಳಿಸುವ ಚಿತ್ರ, ಬೆಂಕಿಯನ್ನು ತಿಳಿಸುವ ಹೊಗೆಯಂಥ ಕುರುಹು, ರೂಢಿಯಿಂದ ತಿಳಿಸುವ ಸಂಕೇತ. ಊರಿನ ಹೆಸರು ಸಂಕೇತ. ಅದನ್ನು ಬರೆದ ಲಿಪಿಯೋ ಕುರುಹು. ಇಲ್ಲಿ ಯಾರ ಮನೆಯ ಒಲೆ ಉರಿಯುತ್ತಿದೆ ಎಂಬುದನ್ನು ಅದು ದಾರಿಹೋಕನಿಗೆ ಹೇಳುತ್ತದೆ.

1956ರ ನವೆಂಬರ್ 1ರಂದು ಕಾಸರಗೋಡು ತಾಲೂಕು ದಕ್ಷಿಣ ಕನ್ನಡದಿಂದ ಬೇರ್ಪಟ್ಟು ಕೇರಳಕ್ಕೆ ಸೇರಿತು. ಚಂದ್ರಗಿರಿಯ ಉತ್ತರ ಭಾಗವು ಮೈಸೂರಿಗೆ ಸೇರಬೇಕೆಂದ ಮಹಾಜನ ಆಯೋಗದ 1967ರ ವರದಿ ಜಾರಿಗೆ ಬರಲಿಲ್ಲ. ಕೇರಳದ 1969ರ ಅಧಿಕೃತ ಭಾಷಾ ಕಾನೂನು ಕನ್ನಡ ಅಲ್ಪಸಂಖ್ಯಾತರಿಗೆ ಸರಕಾರದೊಡನೆ ತಮ್ಮ ಭಾಷೆಯಲ್ಲಿ ಪತ್ರವ್ಯವಹಾರ ನಡೆಸುವ ಹಕ್ಕನ್ನು ನೀಡಿತು.

2021ರ ಜೂನ್‌ನಲ್ಲಿ ಇಲ್ಲಿನ ಊರುಗಳ ಹೆಸರು ಬದಲಾಗುವುದೆಂಬ ಸುದ್ದಿ ಹಬ್ಬಿ ಗಡಿಯ ಎರಡೂ ಕಡೆ ಚರ್ಚೆಯಾಯಿತು. ಅಂತಹ ಪ್ರಸ್ತಾಪವಿಲ್ಲವೆಂದು ಕೇರಳ ಸರಕಾರ ತಿಳಿಸಿತು. ಸುದ್ದಿಯಲ್ಲಿದ್ದ ಎರಡು ಹೆಸರುಗಳನ್ನು ನೋಡೋಣ. ದುರ್ಗಾಪರಮೇಶ್ವರಿಯ ಕ್ಷೇತ್ರವಾದ ನಮ್ಮ ಮಲ್ಲ ‘ಮಲ್ಲಂ’ ಆದರೆ ಕೂಡುವುದು ಸೊನ್ನೆ ಮಾತ್ರ. ಮಧೂರು ‘ಮಧುರಂ’ ಆದರೆ ಹೆಸರಿನೊಳಗಿನ ‘ಊರು’ ಎಂಬ ಪದವೇ ಅಳಿದುಹೋಗುತ್ತದೆ. ಮೊದಲನೆಯದು ಉಚ್ಚಾರದ ಭೇದ, ಎರಡನೆಯದು ನೆನಪಿನ ನಷ್ಟ.

ಈ ಸಂಚಿಕೆಯ ಪುಟಗಳಂತೆಯೇ ಫಲಕದಲ್ಲೂ ಎರಡು ಲಿಪಿಗಳಿಗೆ ಜಾಗವಿದೆ. ಅದನ್ನು ಕೇಳುವುದು ನಮ್ಮ ಹಕ್ಕು. ಜೊತೆಗೆ ಕರ್ತವ್ಯವೊಂದೂ ಇದೆ. ಹಳೆಯ ದಸ್ತಾವೇಜುಗಳಲ್ಲಿ, ಲಗ್ನಪತ್ರಿಕೆಗಳಲ್ಲಿ ಹಿರಿಯರು ಊರಿನ ಹೆಸರನ್ನು ಹೇಗೆ ಬರೆದಿದ್ದರೆಂದು ಮಕ್ಕಳಿಗೆ ತೋರಿಸಿ ಓದಿಸಬೇಕು. ಓದುವವರೇ ಇಲ್ಲವಾದರೆ ಫಲಕದ ಕನ್ನಡ ಬರಿಯ ಬಣ್ಣವಾಗಿ ಉಳಿದೀತು.