ಬಿತ್ತುವಟ್ಟದಿಂದ ಪಹಣಿಯವರೆಗೆ: ಬೇಸಾಯಕ್ಕೆ ಅರಸು ಕೊಟ್ಟ ನೆರವು ಯಾರಿಗೆ ಸಂದಿತು?

ಬೆಂಗಳೂರಿನ ತೆಂಕಣ ಭಾಗದ ಶ್ರೀನಗರದ ಸಮೀಪದಲ್ಲಿ ಕೆಂಪಾಂಬುಧಿ ಎಂಬ ಕೆರೆಯಿದೆ. 16ನೆಯ ಶತಮಾನದಲ್ಲಿ ಯಲಹಂಕ ನಾಡಪ್ರಭು ಕೆಂಪೇಗೌಡನು ಇದನ್ನು ಕಟ್ಟಿಸಿದನೆಂಬುದು ಪರಂಪರೆಯಿಂದ ಬಂದ ಹೇಳಿಕೆ. ಕೆರೆಯ ಸುತ್ತ ಈಗ ಮನೆಗಳೇ ತುಂಬಿಕೊಂಡಿವೆ. ಕಟ್ಟಿಸಿದವನ ಹೆಸರು ಮಕ್ಕಳಿಗೂ ಗೊತ್ತು. ಇಂತಹ ಕೆರೆಗಳ ಕೆಳಗೆ ಉತ್ತು ಬಿತ್ತಿದವರ ಹೆಸರಾದರೋ ಕಲ್ಲಿನಲ್ಲಿ ಕಾಣುವುದು ಬಲು ಅಪರೂಪ. ಈ ವ್ಯತ್ಯಾಸಕ್ಕೆ ಕಾರಣವನ್ನು ನಮ್ಮ ಶಾಸನಗಳೇ ಸೂಚಿಸುತ್ತವೆ.

ಇದೇ ನಗರದ ಆಗ್ನೇಯಕ್ಕಿರುವ ಅಗರದ 9ನೆಯ ಶತಮಾನದ ಗಂಗರ ಶಾಸನವೊಂದರಲ್ಲಿ, ಇರುಗಮಯ್ಯನ ಮಗನಾದ ಸಿರಿಮಯ್ಯನು ಎರಡು ಕೆರೆಗಳಿಗೆ ತೂಬನ್ನಿಡಿಸಿ ಮೂರನೆಯ ಕೆರೆಯನ್ನು ಕಟ್ಟಿಸಿದ ಸಂಗತಿಯಿದೆ. ಇಂತಹ ಕಾರ್ಯಕ್ಕೆ ಗಂಗರ ಕಾಲದಲ್ಲಿ ದೊರೆಯುತ್ತಿದ್ದ ಪ್ರತಿಫಲವೇ ಬಿತ್ತುವಟ್ಟ. ಈ ಪದವನ್ನು ಬಿತ್ತು, ಪಟ್ಟ ಎಂದು ಬಿಡಿಸಿ, ಪಕಾರಕ್ಕೆ ವಕಾರವು ಆದೇಶವಾಗಿ ಬಂದಿದೆಯೆನ್ನಬಹುದು. ಅದು ಭೂಮಿಯೋ ಅಥವಾ ಕೆರೆಯ ಕೆಳಗಣ ಬೆಳೆಯಲ್ಲಿ ಒಂದು ಪಾಲೋ ಎಂಬಲ್ಲಿ ವಿದ್ವಾಂಸರಿಗೆ ಏಕಾಭಿಪ್ರಾಯವಿಲ್ಲ. ಪ್ರಕೃತಕ್ಕೆ ಅದರಿಂದ ಬಾಧಕವೇನೂ ಇಲ್ಲ. ವಿಜಯನಗರದ ಕಾಲಕ್ಕೆ ದಶವಂದ, ಕಟ್ಟುಕೊಡಗೆ ಎಂಬ ಹೆಸರುಗಳು ಬಳಕೆಗೆ ಬಂದವು. ಮೈಸೂರಿನ 19ನೆಯ ಶತಮಾನದ ಇನಾಮು ಲೆಕ್ಕಗಳಲ್ಲಿ ಕೊಡಗಿ ಎಂಬುದೇ ಬೇರೆಯೊಂದು ವರ್ಗವಾಗಿತ್ತು.

ಹೆಸರು ಬದಲಾದರೂ ಕ್ರಮ ಬದಲಾಗಲಿಲ್ಲ. ಅರಸನು ಬೊಕ್ಕಸದಿಂದ ಹೊನ್ನನ್ನು ಕೊಡಲಿಲ್ಲ. ತನಗೆ ಬರಬೇಕಾದ ತೆರಿಗೆಯಲ್ಲಿ ಒಂದಂಶವನ್ನು ಬಿಟ್ಟುಕೊಟ್ಟನು. ಅದೂ ಕೆರೆ ಕಟ್ಟಿಸಿದವನಿಗೆ. ಆದುದರಿಂದ ಮೊದಲೇ ಕೈಯಲ್ಲಿ ಹಣವೂ ಆಳೂ ಉಳ್ಳವನೇ ಈ ಕೊಡುಗೆಗೆ ಪಾತ್ರನಾದನು. ಏರಿಗೆ ಮಣ್ಣು ಹೊತ್ತವನಿಗೆ ಸಿಕ್ಕಿದ್ದು ಕೂಲಿ. ಕೆಳಗೆ ಉತ್ತವನಿಗೆ ನೀರು. ನೀರು ಅಲ್ಪವಾದ ಲಾಭವೆಂದು ಯಾರೂ ಹೇಳಲಾರರು. ಈ ಏರ್ಪಾಡಿಲ್ಲದಿದ್ದರೆ ಮೈಸೂರು ಸೀಮೆಯ ಎಷ್ಟೋ ಕೆರೆಗಳು ಹುಟ್ಟುತ್ತಲೇ ಇರಲಿಲ್ಲ. ಆದರೆ ಆಚಂದ್ರಾರ್ಕವಾಗಿ ಸಲ್ಲುವ ಹಕ್ಕು ಪಡೆದವನ ವಂಶದ್ದಾಯಿತು. ನೀರು ಮಾತ್ರ ಮಳೆಯನ್ನು ನಂಬಿತ್ತು.

ದಿನವೂ ತೂಬು ತೆಗೆದು ಗದ್ದೆಗದ್ದೆಗೆ ನೀರು ಹಾಯಿಸುತ್ತಿದ್ದ ನೀರುಗಂಟಿಯನ್ನೂ ಇಲ್ಲಿ ನೆನೆಯಬೇಕು. ಅವನ ಜೀವನವು ರೈತರು ಕಣದಲ್ಲಿ ಅಳೆದುಕೊಡುವ ಆಯದ ಮೇಲೆ, ಕೆಲವೆಡೆ ಚಿಕ್ಕದೊಂದು ಇನಾಮಿನ ಮೇಲೆ ನಿಂತಿತ್ತು. ಕೆರೆಯ ಅಳಿವು ಉಳಿವು ಇವನ ಕೈಯಲ್ಲಿದ್ದರೂ ಕೊಡುಗೆಯ ಪಂಕ್ತಿಯಲ್ಲಿ ಇವನು ಕಡೆಯವನು.

ತಕಾವಿಯು ಈ ಕ್ರಮವನ್ನು ತಿರುಗಿಸಿತು. 1876-78ರ ಡಾಮರ ಕ್ಷಾಮದಲ್ಲಿ ಮೈಸೂರು ಸಂಸ್ಥಾನವು ಲಕ್ಷಾಂತರ ಪ್ರಜೆಗಳನ್ನು ಕಳೆದುಕೊಂಡಿತು. 1871ರಲ್ಲಿ ಸುಮಾರು 50 ಲಕ್ಷವಿದ್ದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕಿಳಿಯಿತು. ಬ್ರಿಟಿಷ್ ಇಂಡಿಯಾದಲ್ಲಿ 1883, 1884ರ ಕಾಯಿದೆಗಳು ಬಾವಿ ತೋಡಲು, ಬೀಜ ಮತ್ತು ಎತ್ತು ಕೊಳ್ಳಲು ಸರ್ಕಾರಿ ಸಾಲಕ್ಕೆ ದಾರಿಮಾಡಿದವು. ಧಾರವಾಡ, ವಿಜಾಪುರ ಸೀಮೆಗಳೂ ಅವುಗಳ ವ್ಯಾಪ್ತಿಗೆ ಸೇರಿದ್ದವು. ಹಣವು ಈಗ ಕೆಲಸಕ್ಕಿಂತ ಮೊದಲೇ ಬರುವಂತಾಯಿತು. ಆದರೆ ಸಾಲಕ್ಕೆ ಆಧಾರ ಬೇಕು, ಮುಖ್ಯ ಆಧಾರ ಜಮೀನು. ಪರರ ಹೊಲವನ್ನು ಕೋರಿಗೆ ಮಾಡುವವನು ಏನನ್ನು ತೋರಿಸಬೇಕು? ಅವನು ಸಾಹುಕಾರನ ಬಾಗಿಲಿಗೇ ಹೋಗಬೇಕಾಯಿತು.

ಸ್ವಾತಂತ್ರ್ಯಾನಂತರ 1954, 1955ರ ಕಾಯಿದೆಗಳು ಇನಾಮುಗಳನ್ನು ರದ್ದುಗೊಳಿಸಿದವು. 1961ರ ಭೂಸುಧಾರಣಾ ಕಾಯಿದೆಗೆ ದೇವರಾಜ ಅರಸರ ಕಾಲದಲ್ಲಿ ಬಂದ 1974ರ ತಿದ್ದುಪಡಿಯು ಗೇಣಿದಾರನಿಗೆ ಭೂಮಿಯ ಒಡೆತನವನ್ನು ಕೊಟ್ಟು, ಕೆಲವು ವಿನಾಯಿತಿಗಳ ಹೊರತು ಮುಂದಕ್ಕೆ ಗೇಣಿಯನ್ನೇ ನಿಷೇಧಿಸಿತು. ಆದರೂ ಬಾಯಿಮಾತಿನ ಗುತ್ತಿಗೆ ನಿಲ್ಲಲಿಲ್ಲ. 2019ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕಿಸಾನ್ ಸಮ್ಮಾನ್ ನಿಧಿಯು ವರ್ಷಕ್ಕೆ 6,000 ರೂಪಾಯಿಗಳನ್ನು ಗೊತ್ತುಮಾಡಿದುದು ಭೂಹಿಡುವಳಿಯುಳ್ಳ ಕುಟುಂಬಕ್ಕೆ. ಗೇಣಿದಾರನ ರಕ್ಷಣೆಗೆಂದು ಬಂದ ನಿಷೇಧವೇ ಅವನ ಬಳಿಕ ಬಂದ ಗುತ್ತಿಗೆದಾರನನ್ನು ಬರಹದಿಂದ ಹೊರಗಿಟ್ಟಿತು. ಅವನು ಉಳುವುದನ್ನು ಊರೆಲ್ಲ ಕಂಡರೂ ಪಹಣಿಯ ಒಡೆತನದ ಕಾಲಮಿನಲ್ಲಿ ಅವನ ಹೆಸರಿಲ್ಲ.