ಸದ್ದಿನ ಅಪಾಯ, ಸದ್ದಿಲ್ಲದ ಧೂಳು: ಕೋಲಾರದ ಚಿನ್ನದ ಗಣಿ ಕಲಿಸಿದ ಪಾಠ



ಬಂಗಾರಪೇಟೆಯಲ್ಲಿ ಮುಖ್ಯ ರೈಲು ಮಾರ್ಗವನ್ನು ಬಿಟ್ಟು ಕವಲು ಮಾರ್ಗವನ್ನು ಹಿಡಿದರೆ ಕೋರಮಂಡಲ್, ಊರಿಗಾಂ, ಚಾಂಪಿಯನ್, ಮಾರಿಕುಪ್ಪಂ ಎಂಬ ನಿಲ್ದಾಣಗಳು ಒಂದರ ಹಿಂದೆ ಒಂದು ಬರುತ್ತವೆ. ಬೆಳಗಿನ ಜಾವ ಇಲ್ಲಿಂದ ಸಾವಿರಾರು ಜನ ಬುತ್ತಿ ಕಟ್ಟಿಕೊಂಡು ಬೆಂಗಳೂರಿನ ಕೆಲಸಗಳಿಗೆ ಹೊರಡುತ್ತಾರೆ. ಇವರಲ್ಲಿ ಅನೇಕರ ತಾತಂದಿರೂ ಹೀಗೆಯೇ ಬುತ್ತಿ ಹಿಡಿದು ಹೊರಡುತ್ತಿದ್ದರು. ಆದರೆ ಅವರ ದಾರಿ ನೆಲದ ಕೆಳಕ್ಕೆ ಹೋಗುತ್ತಿತ್ತು.

ಕೋಲಾರ ಚಿನ್ನದ ಗಣಿಯ ಕಥೆಯನ್ನು ನೀವು ಪಠ್ಯಪುಸ್ತಕದಲ್ಲಿ ಓದಿರುತ್ತೀರಿ. 1875ರಲ್ಲಿ ಮೈಸೂರು ಸರ್ಕಾರದಿಂದ ಪರವಾನಗಿ ಪಡೆದ ಲವೆಲ್, 1880ರಲ್ಲಿ ಬಂದ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ, 1902ರಲ್ಲಿ ಶಿವನಸಮುದ್ರದಿಂದ ಹರಿದು ಬಂದ ವಿದ್ಯುತ್ತು, ನೂರಿಪ್ಪತ್ತು ವರ್ಷಗಳಲ್ಲಿ ಹೊರತೆಗೆದ ಸುಮಾರು 800 ಟನ್ ಚಿನ್ನ. ಇವೆಲ್ಲ ನಿಜವೇ. ಆದರೆ ಇವುಗಳಲ್ಲಿ ಒಂದು ಪ್ರಶ್ನೆಗೆ ಉತ್ತರವಿಲ್ಲ. ಆ ಚಿನ್ನವನ್ನು ತೆಗೆದವರು ಸಂಜೆ ಮನೆಗೆ ಮರಳುವಂತೆ ನೋಡಿಕೊಂಡವರು ಯಾರು? ಈ ಪ್ರಶ್ನೆಯನ್ನು ಹಿಡಿದು ಹೊರಟರೆ ಅದೇ ಇತಿಹಾಸ ಬೇರೊಂದು ರೀತಿಯಲ್ಲಿ ಕಾಣಿಸುತ್ತದೆ.

ಮೊದಲು ಗಣಿಯೊಳಗಿನ ಬದುಕನ್ನು ಕಲ್ಪಿಸಿಕೊಳ್ಳಿ. ಚಾಂಪಿಯನ್ ರೀಫ್ ಗಣಿಯ ಆಳ ಕ್ರಮೇಣ 3 ಕಿಲೋಮೀಟರನ್ನು ಮೀರಿತು. ಜಗತ್ತಿನ ಅತಿ ಆಳದ ಗಣಿಗಳಲ್ಲಿ ಅದೂ ಒಂದಾಯಿತು. ಆ ಆಳದಲ್ಲಿ ಬಂಡೆಯ ಉಷ್ಣತೆಯೇ 60 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು. ಮೇಲಿನಿಂದ ತಂಪು ಗಾಳಿಯನ್ನು ಕಳುಹಿಸದಿದ್ದರೆ ಅಲ್ಲಿ ಮನುಷ್ಯ ದುಡಿಯುವಂತಿರಲಿಲ್ಲ. ಕೇಜು ಎಂಬ ಕಬ್ಬಿಣದ ಪಂಜರದಲ್ಲಿ ನಿಂತು ಕೆಳಗಿಳಿಯುವವನ ಪ್ರಾಣ, ಮೇಲೆ ಯಂತ್ರದ ಮುಂದೆ ಕುಳಿತವನ ಕೈಯಲ್ಲಿ. ಅವರಿಬ್ಬರ ನಡುವಿನ ಮಾತೆಂದರೆ ಗಂಟೆಯ ಸಂಕೇತ ಮಾತ್ರ. ಒಂದು ಪಾಳಿಯವರು ಹಾಕಿದ ಸಿಡಿಮದ್ದಿನಲ್ಲಿ ಯಾವುದಾದರೂ ಸಿಡಿಯದೆ ಉಳಿದಿದ್ದರೆ, ಅದನ್ನು ಮುಂದಿನ ಪಾಳಿಯವರಿಗೆ ತಪ್ಪದೆ ತಿಳಿಸಬೇಕು. ತಲೆಯ ಮೇಲಿನ ಬಂಡೆಯನ್ನು ಕಬ್ಬಿಣದ ಸಲಾಕೆಯಿಂದ ತಟ್ಟಿ ನೋಡಬೇಕು. ಗಟ್ಟಿ ಬಂಡೆ ಗಂಟೆಯಂತೆ ಖಣಿಲೆನ್ನುತ್ತದೆ. ಬಿರುಕು ಬಿಟ್ಟ ಬಂಡೆಯ ಸದ್ದು ಬೊಳ್ಳಾಗಿರುತ್ತದೆ. ಈ ಸದ್ದುಗಳ ವ್ಯತ್ಯಾಸವನ್ನು ಹೊಸಬನಿಗೆ ಕಲಿಸುತ್ತಿದ್ದವನು ಪಕ್ಕದಲ್ಲಿ ದುಡಿಯುವ ಹಳಬ.

ಹೀಗೆ ಕಲಿಸಿದವರು, ಕಲಿತವರು ಒಂದೇ ಊರಿನವರಲ್ಲ. ಉತ್ತರ ಆರ್ಕಾಟಿನ ತಮಿಳರು, ಚಿತ್ತೂರು ಕಡೆಯ ತೆಲುಗರು, ಸುತ್ತಲಿನ ಹಳ್ಳಿಗಳ ಕನ್ನಡಿಗರು, ಆಂಗ್ಲೋ-ಇಂಡಿಯನ್ನರು, ಇಂಗ್ಲೆಂಡಿನ ಕಾರ್ನ್‌ವಾಲಿನಿಂದ ಬಂದ ಗಣಿಕೆಲಸದವರು, ಹೀಗೆ ಹಲವು ಜನ ಅಲ್ಲಿದ್ದರು. ಮೇಲೆ ಅವರ ವಸತಿಗಳು ಬೇರೆ, ಕೂಲಿ ಬೇರೆ, ಮರ್ಯಾದೆಯೂ ಬೇರೆ. ಸಾಹೇಬರಿಗೆ ಬಂಗಲೆ, ಕೂಲಿಯವನಿಗೆ ತಟ್ಟಿಯ ಗುಡಿಸಲು. ಆದರೆ ಬಂಡೆ ಕುಸಿದಾಗ ಅದು ಯಾರ ಕುಲವನ್ನೂ ವಿಚಾರಿಸುತ್ತಿರಲಿಲ್ಲ.

ಕೋಲಾರದ ಗಣಿಗಳ ದೊಡ್ಡ ಭಯವೆಂದರೆ ಬಂಡೆ ಸಿಡಿತ, ಅಂದರೆ 'ರಾಕ್ ಬರ್ಸ್ಟ್'. ಅದಿರನ್ನು ತೆಗೆದಾಗ ಆಳದಲ್ಲಿ ಟೊಳ್ಳು ಉಂಟಾಗುತ್ತದೆ. ಮೇಲಿನ ಭೂಮಿಯ ಭಾರವೆಲ್ಲ ಉಳಿದ ಬಂಡೆಯ ಮೇಲೆ ಬೀಳುತ್ತದೆ. ಬಂಡೆ ತಡೆಯುವಷ್ಟು ತಡೆದು, ಒಂದು ಕ್ಷಣದಲ್ಲಿ ಸಿಡಿಯುತ್ತದೆ. ಆಗ ಮೇಲಿನ ಮನೆಗಳಲ್ಲಿ ಪಾತ್ರೆಗಳು ಅಲುಗಾಡುತ್ತಿದ್ದವು. ಕೆಳಗೆ ಯಾರ ಪಾಳಿ ಇದೆಯೆಂದು ಮನೆಮನೆಯವರೂ ಲೆಕ್ಕ ಹಾಕುತ್ತಿದ್ದರು.

ಈ ಅಪಾಯವನ್ನು ಅಂದಿನವರು ಅಲಕ್ಷಿಸಲಿಲ್ಲ. 1904ರಲ್ಲಿಯೇ ಮೈಸೂರು ಭೂವಿಜ್ಞಾನ ಇಲಾಖೆಯ ಡಬ್ಲ್ಯು. ಎಫ್. ಸ್ಮೀತ್ ಇದರ ಬಗ್ಗೆ ಬರೆದರು. 1912ರಲ್ಲಿ ಗಣಿ ಪ್ರದೇಶದಲ್ಲಿ ಭೂಕಂಪ ಮಾಪಕವನ್ನು ಸ್ಥಾಪಿಸಲಾಯಿತು. ಟೊಳ್ಳುಗಳಿಗೆ ಮರದ ಆಸರೆಯ ಜೊತೆಗೆ ಗ್ರಾನೈಟ್ ಕಲ್ಲಿನ ಗೋಡೆಗಳನ್ನು, ಮುಂದೆ ಕಾಂಕ್ರೀಟನ್ನು ಬಳಸಿದರು. ಆದರೂ 1952ರಲ್ಲಿ, ಮತ್ತೆ 1962ರಲ್ಲಿ ಚಾಂಪಿಯನ್ ರೀಫ್‌ನಲ್ಲಿ ಭಾರಿ ಸಿಡಿತಗಳು ಸಂಭವಿಸಿದವು. ಈ ದೀರ್ಘ ಅನುಭವದ ನೆಲೆಯಲ್ಲಿಯೇ 1988ರಲ್ಲಿ ರಾಷ್ಟ್ರೀಯ ಶಿಲಾ ಯಂತ್ರವಿಜ್ಞಾನ ಸಂಸ್ಥೆ ಕೆ.ಜಿ.ಎಫ್.ನಲ್ಲಿ ಆರಂಭವಾಯಿತು.

ಮಿತ್ರರೇ, ಇಲ್ಲಿ ಒಂದು ಅಂಶವನ್ನು ಗಮನಿಸಿ. ಬಂಡೆ ಸಿಡಿತ ಸದ್ದು ಮಾಡುವ ಅಪಾಯ. ಸದ್ದು ಕೇಳಿದೊಡನೆ ಎಲ್ಲರೂ ಓಡಿ ಬರುತ್ತಾರೆ. ಸಿಕ್ಕಿಬಿದ್ದವನನ್ನು ಹೊರತೆಗೆಯಲು ಜೊತೆಗಾರರು ತಮ್ಮ ಜೀವವನ್ನೇ ಪಣಕ್ಕಿಡುತ್ತಾರೆ. ಉತ್ಪಾದನೆ ನಿಲ್ಲುವುದರಿಂದ ಕಂಪನಿಯೂ ಎಚ್ಚರಗೊಳ್ಳುತ್ತದೆ. ಆದರೆ ಅದೇ ಗಣಿಯಲ್ಲಿ ಸದ್ದಿಲ್ಲದ ಇನ್ನೊಂದು ಅಪಾಯವೂ ಇತ್ತು. ಅದು ಧೂಳು.

ಕೋಲಾರದ ಚಿನ್ನ ಬೆಣಚುಕಲ್ಲಿನಲ್ಲಿ ಅಡಗಿದೆ. ಬೆಣಚುಕಲ್ಲೆಂದರೆ ಸಿಲಿಕಾ. ಅದನ್ನು ಒಣಗಿದ್ದಂತೆಯೇ ಕೊರೆದಾಗ, ಸಿಡಿಸಿದಾಗ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳು ಏಳುತ್ತವೆ. ಅವು ಉಸಿರಿನೊಡನೆ ಶ್ವಾಸಕೋಶದ ಆಳಕ್ಕಿಳಿದು, ಅಲ್ಲಿ ಗಾಯದ ಕಲೆಯಂತಹ ಗಂಟುಗಳನ್ನು ಉಂಟುಮಾಡುತ್ತವೆ. ಇದೇ ಸಿಲಿಕೋಸಿಸ್. ಒಮ್ಮೆ ಗಟ್ಟಿಯಾದ ಶ್ವಾಸಕೋಶವನ್ನು ಮತ್ತೆ ಮೃದು ಮಾಡುವ ಔಷಧಿ ಇಂದಿಗೂ ಇಲ್ಲ. ತಡೆಯುವುದೊಂದೇ ದಾರಿ.

ಈ ರೋಗ ಕಾಣಿಸಿಕೊಳ್ಳಲು ವರ್ಷಗಳೇ ಹಿಡಿಯುತ್ತವೆ. ಮೊದಲು ಒಣ ಕೆಮ್ಮು, ಆಮೇಲೆ ಏದುಸಿರು. ನೋಡಿದವರು ಕ್ಷಯವೆನ್ನುತ್ತಾರೆ, ಇಲ್ಲವೇ ವಯಸ್ಸಾಯಿತೆನ್ನುತ್ತಾರೆ. ದುಡಿಯಲಾಗದವನು ಗಂಟುಮೂಟೆ ಕಟ್ಟಿಕೊಂಡು ತನ್ನ ಹಳ್ಳಿಗೆ ಹಿಂದಿರುಗುತ್ತಾನೆ. ಅವನ ಸ್ಥಳಕ್ಕೆ ಇನ್ನೊಬ್ಬ ಬರುತ್ತಾನೆ. ಯಾರೂ ಓಡಿ ಬರುವುದಿಲ್ಲ, ಏಕೆಂದರೆ ಯಾವ ಸದ್ದೂ ಆಗಿರುವುದಿಲ್ಲ. ಜೊತೆಗಾರರಲ್ಲಿ ಕರುಣೆ ಇರಲಿಲ್ಲವೆಂದಲ್ಲ. ಒಬ್ಬೊಬ್ಬರಾಗಿ, ಬೇರೆ ಬೇರೆ ಊರುಗಳಲ್ಲಿ ಸಾಯುವವರನ್ನು ಕಣ್ಣಿನಿಂದ ಕಾಣಲು ಆಗುವುದಿಲ್ಲ. ಅವರನ್ನು ಲೆಕ್ಕದಿಂದ ಮಾತ್ರ ಕಾಣಬಹುದು.

ಗಣಿಯ ಧೂಳು ಕೊಲ್ಲುತ್ತದೆಂಬುದು ಹೊಸ ವಿಷಯವಾಗಿರಲಿಲ್ಲ. ಯುರೋಪಿನ ಅಗ್ರಿಕೋಲಾ 1556ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ, ಕಾರ್ಪೇಥಿಯನ್ ಬೆಟ್ಟಗಳ ಗಣಿಗಳ ಕಡೆ ಏಳು ಗಂಡಂದಿರನ್ನು ಕಳೆದುಕೊಂಡ ಹೆಂಗಸರಿದ್ದಾರೆಂದು ಬರೆದಿದ್ದ. ದಕ್ಷಿಣ ಆಫ್ರಿಕಾದ ಚಿನ್ನದ ಗಣಿಗಳಿಗೆ ಈ ರೋಗದ ಬಗ್ಗೆ 1911ರಲ್ಲಿಯೇ ಕಾಯಿದೆ ಬಂದಿತ್ತು. ಕೋಲಾರದಲ್ಲಿ ವ್ಯಾಪಕ ಪರೀಕ್ಷೆ ನಡೆದದ್ದು 1940ರ ದಶಕದಲ್ಲಿ. ವೈದ್ಯರು ಏಳು ಸಾವಿರಕ್ಕೂ ಹೆಚ್ಚು ಕಾರ್ಮಿಕರ ಎದೆಯ ಕ್ಷ-ಕಿರಣ ಚಿತ್ರಗಳನ್ನು ತೆಗೆದು ನೋಡಿದರು. ನೂರಕ್ಕೆ 40ಕ್ಕಿಂತ ಹೆಚ್ಚು ಜನರಲ್ಲಿ ಸಿಲಿಕೋಸಿಸ್ ಕಂಡುಬಂತು. ಭಾರತದಲ್ಲಿ ಈ ರೋಗದ ಮೊದಲ ದೊಡ್ಡ ವರದಿ ಇದೇ. ಅಷ್ಟು ಹೊತ್ತಿಗೆ ಗಣಿಗಾರಿಕೆಗೆ ಅರುವತ್ತು ವರ್ಷ ತುಂಬಿತ್ತು.

ಹಾಗಾದರೆ ಅದುವರೆಗೆ ಯಾರೂ ಏನನ್ನೂ ಎಣಿಸಿರಲಿಲ್ಲವೇ? ಎಣಿಸಿದ್ದರು. ಚಿನ್ನವನ್ನು ತೂಕ ಮಾಡಿ ಲೆಕ್ಕವಿಟ್ಟಿದ್ದರು. ಕಾರ್ಮಿಕರನ್ನೂ ಎಣಿಸಲು ಹೊರಟಿದ್ದರು, ಆದರೆ ಬೇರೊಂದು ಉದ್ದೇಶದಿಂದ. 1930ರಲ್ಲಿ ಎಲ್ಲ ಕಾರ್ಮಿಕರ ಬೆರಳಚ್ಚು ಪಡೆದು ನೋಂದಾಯಿಸಬೇಕೆಂಬ ಕ್ರಮ ಬಂತು. ಬೆರಳಚ್ಚು ತೆಗೆಯುವುದು ಕಳ್ಳರದ್ದಲ್ಲವೇ, ನಾವು ಕಳ್ಳರೇ ಎಂದು ಕಾರ್ಮಿಕರು ಕೆರಳಿದರು. ಅಂಗೀಕೃತ ಸಂಘವೇ ಇರದಿದ್ದ ಆ ಕಾಲದಲ್ಲಿ ಸಾವಿರಾರು ಜನ 21 ದಿನ ಕೆಲಸ ನಿಲ್ಲಿಸಿದರು. ಕೊನೆಗೆ ಆ ಕ್ರಮವನ್ನು ಕೈಬಿಡಬೇಕಾಯಿತು. ಗಣಿಯೊಳಗೆ ಪ್ರಾಣ ಉಳಿಸುತ್ತಿದ್ದ ಒಗ್ಗಟ್ಟು ಗಣಿಯ ಹೊರಗೆ ಮಾನವನ್ನೂ ಉಳಿಸಿತು.

ಬೆರಳನ್ನು ಎಣಿಸಲು ಅವಸರವಿತ್ತು, ಎದೆಯನ್ನು ಎಣಿಸಲು ಅವಸರವಿರಲಿಲ್ಲ. ಎರಡೂ ಲೆಕ್ಕಗಳೇ. ಆದರೆ ಒಂದು ಕಾರ್ಮಿಕನನ್ನು ಶಂಕಿಸುವ ಲೆಕ್ಕ, ಇನ್ನೊಂದು ಅವನನ್ನು ಕಾಪಾಡುವ ಲೆಕ್ಕ. ಸುರಕ್ಷತೆಯ ಇತಿಹಾಸವೆಂದರೆ ಮೊದಲನೆಯದರಿಂದ ಎರಡನೆಯದಕ್ಕೆ ಸಾಗಿದ ನಿಧಾನದ ನಡಿಗೆ ಎನ್ನಬಹುದು. 1942ರ ಮೈಸೂರು ಕಾರ್ಮಿಕ ಕಾಯಿದೆ ಸಂಸ್ಥಾನದ ಕಾರ್ಮಿಕರಿಗೆ ಸಂಘ ಕಟ್ಟಿಕೊಳ್ಳಲು ಅವಕಾಶ ಕೊಟ್ಟಿತು. ಸಂಘವಿದ್ದರೆ ಒಬ್ಬನ ಕೆಮ್ಮಿಗೆ ಹತ್ತು ಜನ ಸಾಕ್ಷಿ. ಅವನು ಊರಿಗೆ ಹೋದ ಮೇಲೂ ಅವನ ಪರವಾಗಿ ಕೇಳುವವರಿರುತ್ತಾರೆ. ನೀರು ಹಾಯಿಸುತ್ತಾ ಕೊರೆಯುವುದು, ಸಿಡಿಸಿದ ಮೇಲೆ ಧೂಳು ಅಡಗುವವರೆಗೆ ಒಳಗೆ ಹೋಗದಿರುವುದು, ಒಳ್ಳೆಯ ಗಾಳಿಯ ವ್ಯವಸ್ಥೆ, ಕಾಲಕಾಲಕ್ಕೆ ಎದೆಯ ಪರೀಕ್ಷೆ, ಇವೆಲ್ಲ ಸರಳ ಉಪಾಯಗಳೇ. ಆದರೆ ಇವು ನಿತ್ಯವೂ ನಡೆಯಬೇಕಾದರೆ ಕೇಳುವ ಬಾಯಿ ಬೇಕು.

1956ರಲ್ಲಿ ಗಣಿಗಳು ಮೈಸೂರು ರಾಜ್ಯ ಸರ್ಕಾರಕ್ಕೂ, 1962ರಲ್ಲಿ ಕೇಂದ್ರ ಸರ್ಕಾರಕ್ಕೂ ಸೇರಿದವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಸ್ಥಾಪನೆಯಾಯಿತು. 1980ರ ದಶಕದಲ್ಲಿ ದೇಶದ ಗಣಿ ನಿಯಮಗಳಿಗೆ ಸುರಕ್ಷತಾ ಸಮಿತಿ, ಕಾರ್ಮಿಕರ ಪರವಾದ ತನಿಖಾಧಿಕಾರಿ ಎಂಬ ವ್ಯವಸ್ಥೆಗಳು ಸೇರಿದವು. ಬಂಡೆಯನ್ನು ತಟ್ಟಿ ನೋಡುವ ಹಳಬನ ಅನುಭವಕ್ಕೆ ಕೊನೆಗೂ ಕಾಗದದ ಮೇಲೆ ಒಂದು ಜಾಗ ದೊರೆಯಿತು. 2001ರಲ್ಲಿ ಗಣಿಗಳು ಮುಚ್ಚಿದವು. ಅರೆದ ಅದಿರಿನ ಪುಡಿಯ ರಾಶಿಗಳು ಮಾತ್ರ ಊರಿನ ನಡುವೆ ಗುಡ್ಡಗಳಂತೆ ಉಳಿದವು. ಜನ ಅವನ್ನು ಸೈನೈಡ್ ದಿಬ್ಬಗಳೆನ್ನುತ್ತಾರೆ. ಬಿರುಗಾಳಿ ಬೀಸಿದಾಗ ಆ ಧೂಳು ಮನೆಗಳೊಳಕ್ಕೆ ಬರುತ್ತದೆ.

ಇದೆಲ್ಲ ಮುಗಿದ ಕಥೆ ಎಂದು ನೀವು ಭಾವಿಸಬಹುದು. ಆದರೆ ನಿಮ್ಮ ಸುತ್ತಲೇ ನೋಡಿ. ಮಾಲೂರು ತಾಲ್ಲೂಕಿನ ಶಿವಾರಪಟ್ಟಣದಲ್ಲಿ ಶಿಲ್ಪಿಗಳು ಕಲ್ಲು ಕಡೆಯುತ್ತಾರೆ. ಉಳಿಯ ಬದಲು ಯಂತ್ರ ಹಿಡಿದರೆ ಧೂಳು ಇನ್ನೂ ಹೆಚ್ಚು. ಮಾಲೂರಿನಲ್ಲಿ ಹೆಂಚು, ಇಟ್ಟಿಗೆಗಳ ಕೆಲಸವಿದೆ. ಕೋಲಾರದ ಬಳಿ ನರಸಾಪುರದಲ್ಲಿ ದೊಡ್ಡ ಕಾರ್ಖಾನೆಗಳಿವೆ. ಶ್ರೀನಿವಾಸಪುರದ ಮಾವಿನ ತೋಪುಗಳಲ್ಲಿ, ಮುಳಬಾಗಿಲಿನ ಟೊಮೆಟೊ ಹೊಲಗಳಲ್ಲಿ ಔಷಧಿ ಸಿಂಪಡಿಸುವವರಿದ್ದಾರೆ. ಇವರಲ್ಲಿ ಯಾರ ಕೆಲಸದಲ್ಲೂ ಬಂಡೆ ಸಿಡಿಯುವ ಸದ್ದಿಲ್ಲ. 2022ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು ಸುರಕ್ಷಿತ, ಆರೋಗ್ಯಕರ ದುಡಿಮೆಯ ಪರಿಸರವನ್ನು ಮೂಲಭೂತ ತತ್ವಗಳ ಸಾಲಿಗೆ ಸೇರಿಸಿತು. ಆದರೆ ಆ ತತ್ವ ಜಿನೀವಾದಿಂದ ನಿಮ್ಮ ಊರಿನ ಕೆಲಸದ ಶೆಡ್ಡಿನವರೆಗೆ ತಾನಾಗಿ ನಡೆದು ಬರುವುದಿಲ್ಲ.

ಆದುದರಿಂದ ಒಂದು ಸಣ್ಣ ಕೆಲಸ ಮಾಡಿ. ನಿಮ್ಮ ಮನೆಯಲ್ಲಿ, ಬೀದಿಯಲ್ಲಿ ದುಡಿಯುವವರನ್ನು ಮಾತನಾಡಿಸಿ. ಕೆಲಸದಲ್ಲಿ ಮೂಗಿಗೆ ಬಟ್ಟೆಯಲ್ಲದೆ ಬೇರೇನು ಕೊಡುತ್ತಾರೆ, ಎದೆಯ ಪರೀಕ್ಷೆ ಎಷ್ಟು ವರ್ಷಕ್ಕೊಮ್ಮೆ ಆಗುತ್ತದೆ, ಕೆಲಸ ಬಿಟ್ಟು ಹೋದ ಜೊತೆಗಾರರು ಈಗ ಹೇಗಿದ್ದಾರೆ ಎಂದು ಕೇಳಿ ಬರೆದುಕೊಳ್ಳಿ. ಹತ್ತು ಮನೆಗಳ ಉತ್ತರಗಳನ್ನು ಒಂದೇ ಹಾಳೆಯ ಮೇಲೆ ಜೋಡಿಸಿ, ನಿಮ್ಮ ಅಧ್ಯಾಪಕರಿಗೆ ತೋರಿಸಿ. ಕೋಲಾರದ ಗಣಿಯಲ್ಲಿ ಅಂತಹ ಒಂದು ಹಾಳೆ ಸಿದ್ಧವಾಗಲು ಅರುವತ್ತು ವರ್ಷ ಹಿಡಿಯಿತು. ನಿಮಗೆ ಒಂದು ಭಾನುವಾರ ಸಾಕು.